ಕೂಸು ಎದ್ದಿತು, ಸೂಜಿ ಅಲ್ಲೇ ಇರಲಿ

ಕೂಸು ಅತ್ತ ಕೂಡಲೇ ಬಿಟ್ಟು ಏಳಲು ಬರುವ ಕೆಲಸ, ಬಿಟ್ಟು ಏಳಲು ಬಾರದ ಕೆಲಸ. ಹಸುಗೂಸಿರುವ ಮನೆಯ ಕೈಕೆಲಸಗಳನ್ನೆಲ್ಲ ನಾನೀಗ ಹೀಗೆ ಎರಡು ಪಾಲು ಮಾಡಿಯೇ ನೋಡುವುದು. ಹಳೆಯ ಬಟ್ಟೆಯ ಪದರಗಳನ್ನು ತುಂಡುಗಳಿಟ್ಟು ಹೊಲಿಯುವ ಕೌದಿ ಮೊದಲನೆಯ ಪಾಲಿಗೆ ಸೇರುತ್ತದೆ. ಸೂಜಿಯನ್ನು ಬಟ್ಟೆಗೇ ಚುಚ್ಚಿ, ಎತ್ತರದಲ್ಲಿಟ್ಟು ಹೋದರೆ ವಾರ ಬಿಟ್ಟು ಬಂದರೂ ಹೊಲಿಗೆ ನಿಂತಲ್ಲೇ ನಿಂತಿರುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಎರಡನೆಯ ಪಾಲಿನದು. ಒಲೆಯ ಮೇಲಿನ ಪಾಕ ಒಂದಿಷ್ಟು ಹೊತ್ತು ಹೆಚ್ಚಾದರೂ ಪಾತ್ರೆಯಲ್ಲೇ ಗಟ್ಟಿಯಾಗಿಬಿಡುತ್ತದೆ. ತೊಟ್ಟಿಲಿನಿಂದ ಅಳು ಕೇಳುತ್ತಿದ್ದರೂ ಕೈ ಬಿಡುವಂತಿಲ್ಲ. ಚೆಂದ, ಖರ್ಚು, ಬಾಳಿಕೆ ಎಲ್ಲ ಆಮೇಲಿನ ಮಾತು.

ಈ ಪಾಲು ಮಾಡುವ ಅಗತ್ಯ ಯಾಕೆ ಬಂತೆಂದರೆ, ಮೊದಲ ಮಗುವಾದ ಮನೆಗಳಲ್ಲಿ ಹೊಸದೊಂದು ಒತ್ತಡ ಸೇರಿಕೊಂಡಿದೆ. ನಡುರಾತ್ರಿ ಹಾಲು ಕುಡಿಸುತ್ತ ಒಂದು ಕೈಯಲ್ಲಿ ಮೊಬೈಲ್ ಹಿಡಿದ ತಾಯಿಯ ಕಣ್ಣಿಗೆ ಬೀಳುವುದು ಇನ್ನೊಬ್ಬ ತಾಯಿಯ ಮನೆಯ ಚಿತ್ರ: ತಿಂಗಳಿಗೊಂದು ಅಲಂಕಾರ, ಹಬ್ಬಕ್ಕೊಂದು ಕೈಯಾರೆ ಮಾಡಿದ ಉಡುಗೊರೆ, ನಾಮಕರಣಕ್ಕೆ ಬಂದವರಿಗೆಲ್ಲ ಹೊಲಿದುಕೊಟ್ಟ ಸಂಚಿ. ಇದನ್ನೆಲ್ಲ ಒಬ್ಬಳೇ ಮಾಡಿದಳೇನೋ ಎಂಬಂತೆ ಆ ಚಿತ್ರಗಳು ಕಾಣುತ್ತವೆ. ನಿದ್ದೆಯಿಲ್ಲದ ಕಣ್ಣಿಗೆ ಅದು ತನ್ನ ಕೊರತೆಯ ಲೆಕ್ಕವಾಗಿ ಕಾಣುತ್ತದೆ. ಆದರೆ ನಮ್ಮ ನಾಡಿನಲ್ಲಿ ಕೂಸಿನ ಸುತ್ತ ಹುಟ್ಟಿದ ಕೈಕೆಲಸಗಳನ್ನು ಹತ್ತಿರದಿಂದ ನೋಡಿದರೆ, ಅವು ಒಬ್ಬರೇ ಕೂತು ಒಂದೇ ಬೈಠಕ್ಕಿನಲ್ಲಿ ಮುಗಿಸಲಿ ಎಂದು ಹುಟ್ಟಿದವಲ್ಲ ಎನ್ನುವುದು ತಿಳಿಯುತ್ತದೆ. ಹಲವು ಕೈಗಳಿಗೆ ಹಂಚಿಹೋಗುವಂತೆ, ತುಂಡು ತುಂಡು ಹೊತ್ತಿನಲ್ಲಿ ಸಾಗುವಂತೆ ಅವು ರೂಪುಗೊಂಡಿವೆ. ನನಗೆ ಹೇಳಬೇಕೆನಿಸಿರುವುದು ಇಷ್ಟೇ, ಆದರೆ ಇದನ್ನು ಕೌದಿಯ ಮೂಲಕವೇ ಹೇಳಬೇಕು.

ಧಾರವಾಡ ಸೀಮೆಯಲ್ಲಿ ಕೂಸಿನ ಕೌದಿಗೆ ಹೊಸ ಬಟ್ಟೆ ತರುವುದಿಲ್ಲ. ನಾನು ಬಸುರಿಯಿದ್ದಾಗ ಅಂಗಡಿಯಿಂದ ಹತ್ತಿ ಬಟ್ಟೆ ತರುತ್ತೇನೆ ಎಂದರೆ ನಮ್ಮವ್ವ, “ಹೊಸಾ ಅರಿವಿ ಕೂಸಿಗೆ ಚುಚ್ಚತಾವವಾ, ನಿಮ್ಮಜ್ಜೀ ಹಳೀ ಸೀರಿ ಅದಾವಲ್ಲ, ಅವನ್ನ ತಗಿ” ಅಂದಳು. ಇದರಲ್ಲಿ ಶಾಸ್ತ್ರಕ್ಕಿಂತ ಅನುಭವ ಹೆಚ್ಚು. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಬಣ್ಣ ಬಿಡುತ್ತದೆ. ವರ್ಷಗಟ್ಟಲೆ ಒಗೆದ ನೂಲಿನ ಸೀರೆಯಲ್ಲಿ ಎರಡೂ ಉಳಿದಿರುವುದಿಲ್ಲ, ಎಳೆ ಮೆತ್ತಗಾಗಿರುತ್ತದೆ, ಬೆವರು ಹೀರುತ್ತದೆ, ಒಗೆದರೆ ಬೇಗ ಒಣಗುತ್ತದೆ. ಹಳ್ಳಿಗಳಲ್ಲಿ ನಾಮಕರಣದವರೆಗೆ ಕೂಸಿಗೆ ಹೊಸ ಅಂಗಿ ತೊಡಿಸದೆ ಹಳೆಯ ಮೆತ್ತನೆ ಬಟ್ಟೆಯಲ್ಲೇ ಸುತ್ತಿಡುವ ರೂಢಿಯ ಹಿಂದೆಯೂ ಇದೇ ತಿಳಿವಳಿಕೆ ಕೆಲಸ ಮಾಡಿರಬೇಕು.

ಕೂಸಿನ ಕೌದಿಗೆ ಒಂದು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ ಸಾಕು. ಹಳೆಯ ಸೀರೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ, ಜರಿಯ ಅಂಚನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಜರಿಯ ತುದಿ ಎಳೆಗೂಸಿನ ಚರ್ಮವನ್ನು ಗೀರುತ್ತದೆ. ಎರಡು ಮೂರು ಪದರ ಹಾಸಿ, ಮೇಲೆ ತುಂಡುಗಳನ್ನಿಟ್ಟು ಸಾದಾ ಹೊಲಿಗೆ ಹಾಕುತ್ತ ಹೋಗುವುದು. ತುಂಡುಗಳು ಯಾರವೂ ಆಗಬಹುದು. ನಮ್ಮ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಒಡಲಿದೆ, ಅಪ್ಪನ ಧೋತರದ ಬಿಳಿಯಿದೆ, ನಮ್ಮನೆಯವರ ಕಾಲೇಜು ದಿನಗಳ ಚೌಕಡಿ ಅಂಗಿಯಿದೆ. ಸೂಜಿ ಹಿಡಿಯಲು ಬಾರದವರಿಗೂ ಈ ಹೊಲಿಗೆ ಅರ್ಧ ಗಂಟೆಯಲ್ಲಿ ಬರುತ್ತದೆ. ಹೊಲಿಗೆ ಸೊಟ್ಟಗಾದರೆ ಕೌದಿ ಕೆಡುವುದಿಲ್ಲ. ಬೇರೆ ಬೇರೆಯವರ ಕೈ ಬಿದ್ದ ಸಾಲುಗಳು ಬೇರೆ ಬೇರೆಯಾಗಿಯೇ ಕಾಣುತ್ತವೆ, ಅದರಲ್ಲೇ ಅದರ ಅಂದವಿದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳ ಕೌದಿಗಳ ಹೆಸರು ಈಗ ಹೊರದೇಶಗಳಿಗೂ ಮುಟ್ಟಿದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಅವರದು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಾಗಾಗಿ ಕೆಲವು ಕೌದಿಗಳಲ್ಲಿ ಅರ್ಧಚಂದ್ರ, ಕೆಲವದರಲ್ಲಿ ಶಿಲುಬೆ ಕಾಣಸಿಗುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2000ದ ದಶಕದಲ್ಲಿ ಈ ಕೌದಿಗಳ ಬಗ್ಗೆ ಅಧ್ಯಯನ ನಡೆಸಿ, ಹೊಲಿಯುವ ಹೆಣ್ಣುಮಕ್ಕಳು ಸಂಘ ಕಟ್ಟಿಕೊಳ್ಳಲು ನೆರವಾದರು. ಸಿದ್ದಿ ಹೆಣ್ಣುಮಕ್ಕಳ ಕ್ರಮದಲ್ಲಿ ನನ್ನಂಥವರು ಕಲಿಯಬೇಕಾದ ಒಂದು ಸಂಗತಿಯಿದೆ. ಅವರು ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ಪುಟ್ಟ ತ್ರಿಕೋನಗಳಿರುತ್ತವೆ, ಅವಕ್ಕೆ ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದ ಕೌದಿಯೇ ಅಲ್ಲ. ಅಂಚಿನಿಂದ ಒಳಗೆ ಬರುವ ಈ ಹೊಲಿಗೆಯ ಲಾಭ ಕೂಸಿನ ತಾಯಿಗೆ ಬೇಗ ತಿಳಿಯುತ್ತದೆ: ಮೊದಲ ಸುತ್ತು ಮುಗಿಯುತ್ತಲೇ ಪದರಗಳು ಜರುಗದಂತೆ ಹಿಡಿತಕ್ಕೆ ಬರುತ್ತವೆ. ಆಮೇಲೆ ಅದನ್ನು ಮಡಚಿಡಬಹುದು, ತೊಡೆಯ ಮೇಲೆ ಹರಡಿಕೊಳ್ಳಬಹುದು, ಊರಿಗೆ ಹೋಗುವಾಗ ಚೀಲದಲ್ಲಿ ಒಯ್ಯಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಒಂದು ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಸಮತಟ್ಟಾಗಿ ಗಟ್ಟಿಯಾಗಿರಬೇಕು, ಮುಖದ ಸುತ್ತ ದಿಂಬು, ಹೊದಿಕೆ, ಬಟ್ಟೆಯ ಗೊಂಬೆ ಯಾವುದೂ ಇರಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ಅಪಾಯ ತಪ್ಪಿಸಲು ಈ ಮಾತು. ಆದ್ದರಿಂದ ಕೌದಿಯನ್ನು ಎಚ್ಚರವಿರುವ ಹೊತ್ತಿನಲ್ಲಿ ಬಳಸುವುದು: ನೆಲದ ಮೇಲೆ ಹಾಸಿ ಕೂಸನ್ನು ಬೋರಲು ಮಲಗಿಸಿ ಆಡಿಸಲು, ತೊಡೆಯ ಮೇಲೆ ಹಾಕಿಕೊಳ್ಳಲು, ಎಣ್ಣೆ ಹಚ್ಚುವಾಗ ಕೆಳಗೆ ಹಾಸಲು. ಅವ್ವನಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ, ನಮ್ಮನ್ನೆಲ್ಲ ಕೌದಿಯೊಳಗೇ ಬೆಳೆಸಿದವಳು ಅವಳು. ಆಸ್ಪತ್ರೆಯ ನರ್ಸ್ ಬಾಯಿಂದ ಅದೇ ಮಾತು ಬಂದ ಮೇಲೆ ಒಪ್ಪಿದಳು. ನಮ್ಮ ಬೆಂಗಳೂರಿನ ಮನೆಯಲ್ಲಿ ಕೂಸು ಮೊದಲ ಬಾರಿ ಮಗ್ಗುಲಾದದ್ದು, ತಲೆಯೆತ್ತಿ ಅತ್ತಿತ್ತ ನೋಡಿದ್ದು ಆ ಕೌದಿಯ ಮೇಲೆಯೇ.

ಬಾಣಂತಿಯನ್ನು ಹಿಂದಿನವರು ಸೂಜಿಯಿಂದ ದೂರ ಇಟ್ಟಿದ್ದರು. ಕಣ್ಣು ಮಂಜಾಗುತ್ತದೆ, ಸೊಂಟ ಹಿಡಿಯುತ್ತದೆ ಎನ್ನುವುದು ಅವರ ಮಾತು. ಕಣ್ಣಿನ ಮಾತು ನಿಜವೋ ಅಲ್ಲವೋ, ಬಾಣಂತಿಯ ಪಾಲಿಗೆ ಅದೊಂದು ರಜೆಯಾಗಿತ್ತು. ಹೊಲಿಯುವುದು ಅಜ್ಜಿಯ, ಅತ್ತೆಯ, ಚಿಕ್ಕಮ್ಮನ ಕೆಲಸವಾಗಿತ್ತು. ಏಳನೇ ತಿಂಗಳ ಕುಬುಸದ, ಅಂದರೆ ಸೀಮಂತದ, ಹೊತ್ತಿಗೇ ಹಳೆಯ ಸೀರೆಗಳು ಹೊರಗೆ ಬರುತ್ತಿದ್ದವು. ಕುಲಾವಿ, ಕುಂಚಿಗಿಯಂಥ ಕೂಸಿನ ಟೊಪ್ಪಿಗೆ ತರುವುದು ಹೆಸರಿಡುವ ಸೋದರತ್ತೆಯ ಹಕ್ಕು. ಇವತ್ತು ಎರಡೇ ಜನ ಇರುವ ಮನೆಯಲ್ಲಿ ಈ ಎಲ್ಲ ಪಾತ್ರಗಳೂ ತಾಯಿಯೊಬ್ಬಳ ಹೆಗಲಿಗೆ ಬಂದಿವೆ. 2017ರಿಂದ ಕಾನೂನು ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಕೊಡುತ್ತಿದೆ, ಅದೂ ನೌಕರಿಯ ದಾಖಲೆ ಇರುವವರಿಗೆ. ಹೊಲ, ಮನೆಗೆಲಸ, ಕಟ್ಟಡದ ಕೂಲಿಯ ಹೆಣ್ಣುಮಕ್ಕಳಿಗೆ ಆ ಭಾಗ್ಯವೂ ಇಲ್ಲ. ತಂದೆಯಂತೂ, ಕೇಂದ್ರ ಸರ್ಕಾರದ ನೌಕರನಾದರೆ 15 ದಿನ ರಜೆ ಪಡೆಯುತ್ತಾನೆ. ಖಾಸಗಿ ಕೆಲಸದವರಿಗೆ ಪಿತೃತ್ವ ರಜೆ ಕೊಡಲೇಬೇಕೆಂಬ ಕಾನೂನು ಇಲ್ಲ, ಕಂಪನಿಯ ಮರ್ಜಿ. ಕೈಯಾರೆ ಮಾಡುವ ಉಡುಗೊರೆಯ ಮಾತು ಬಂದಾಗ ಈ ಲೆಕ್ಕವನ್ನು ಮರೆಯಬಾರದು. ಅಂಥ ಉಡುಗೊರೆಗೆ ಬೇಕಾಗುವುದು ಹೊತ್ತು, ಹೊತ್ತು ಎಲ್ಲರಿಗೂ ಒಂದೇ ಸಮ ಸಿಗುವುದಿಲ್ಲ.

ಆದ್ದರಿಂದ ಮೊದಲ ಮೂರು ತಿಂಗಳು ತಾಯಿ ಏನನ್ನೂ ಮಾಡಬೇಕಿಲ್ಲ ಎನ್ನುವವಳು ನಾನು. ನಿದ್ದೆ ಬಂದರೆ ನಿದ್ದೆ ಮಾಡಲಿ. ಕೈ ತಾನಾಗಿಯೇ ಏನಾದರೂ ಬೇಡಿದಾಗ ಹತ್ತು ನಿಮಿಷದ ಕೆಲಸ ಎದುರಿಗಿರಲಿ. ನನ್ನ ಕೈ ಬೇಡಿದ್ದು ಆ ದಿನಗಳ ದಿಗಿಲಿನಲ್ಲಿ. ಇಡೀ ದಿನ ಹಾಲು, ಬಟ್ಟೆ, ನಿದ್ದೆಗಳಲ್ಲೇ ಕಳೆದು ಸಂಜೆಗೆ ಏನೂ ಮಾಡಲಿಲ್ಲವಲ್ಲ ಎನಿಸುವಾಗ, ಕೌದಿಯ ಒಂದು ಸಾಲು ಕಣ್ಣಿಗೆ ಕಾಣುವಂತೆ ಉಳಿಯುತ್ತಿತ್ತು. ಅದು ನನಗೆ ಕೊಟ್ಟ ಸಮಾಧಾನ ದೊಡ್ಡದು.

ನಮ್ಮನೆಯವರ ಪಾಲಿಗೆ ಬಂದದ್ದು ಕಾಗದದ ಕೆಲಸ. ಹುಟ್ಟಿದ ಕೂಸಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಹಾಲು ಕುಡಿಯುವಾಗ ಅದರ ಕಣ್ಣಿಗೂ ತಾಯಿಯ ಮುಖಕ್ಕೂ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ಮೊದಲ ವಾರಗಳಲ್ಲಿ ಅದರ ನೋಟವನ್ನು ಹಿಡಿದು ನಿಲ್ಲಿಸುವುದು ಕಪ್ಪು ಬಿಳುಪಿನ ಗಾಢ ಗೆರೆಗಳು. ಮಾರುಕಟ್ಟೆಯಲ್ಲಿ ಇದಕ್ಕೆಂದೇ ದುಬಾರಿ ಕಾರ್ಡುಗಳಿವೆ. ಇವರು ಗ್ರಾಫ್ ಹಾಳೆಯ ಮೇಲೆ ಕರಿ ಸ್ಕೆಚ್ ಪೆನ್ನಿನಿಂದ ಕಸೂತಿಯ ಚಿತ್ರಗಳನ್ನು ಬಿಡಿಸಿದರು. ಎಳೆ ಎಣಿಸಿ ಹೊಲಿಯುವ ಕಸೂತಿಗೆ ಗ್ರಾಫ್ ಹಾಳೆ ಹೇಳಿ ಮಾಡಿಸಿದಂತಿದೆ. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು ಎಲ್ಲವೂ ಕಸೂತಿಯಲ್ಲಿವೆ. ನಮ್ಮ ಕೂಸಿಗೆ ತೇರು ಸಾಕಾಗುತ್ತಲೇ ಇರಲಿಲ್ಲ. ಅದರ ಗೆರೆಗಳ ಮೇಲೆ ಕಣ್ಣು ನೆಟ್ಟು ಕೈಕಾಲು ಬಡಿಯುತ್ತಿತ್ತು.

ಆ ಹಾಳೆಗಳನ್ನು ನೋಡುತ್ತ ನಾನೂ ಗವಂತಿ ಹೊಲಿಗೆ ಕಲಿತೆ. ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆಗಳ ಪೈಕಿ ಕೂಸಿನ ಬಟ್ಟೆಗೆ ಗವಂತಿಯೇ ಹೊಂದುವುದು. ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿದು, ಬರುವಾಗ ಬಿಟ್ಟ ಮನೆಗಳನ್ನು ತುಂಬುವುದು. ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಒಳಬದಿಯಲ್ಲಿ ಗಂಟು ಇಲ್ಲವೆಂದರೆ ಕೂಸಿನ ಎದೆಗೆ ಒತ್ತುವಂಥದ್ದು ಏನೂ ಇಲ್ಲ. ಆದರೆ ಎಳೆ ಎಣಿಸುವ ಕೆಲಸವಾದ್ದರಿಂದ ನಡುವೆ ಎದ್ದರೆ ಲೆಕ್ಕ ತಪ್ಪುತ್ತದೆ. ಜಬಲಾದ ಮೂಲೆಗೊಂದು ಪುಟ್ಟ ಆನೆ, ಅಷ್ಟಕ್ಕೆ ನಿಲ್ಲಿಸುವುದು ಒಳ್ಳೆಯದು. ಉಣ್ಣೆಯ ಕೆಲಸ ಇಷ್ಟಪಡುವವರಿಗೂ ಇದೇ ಮಾತು. ಎರಡು ಕಡ್ಡಿಯ ಹೆಣಿಗೆಯಲ್ಲಿ ಕಡ್ಡಿ ಜಾರಿದರೆ ಒಂದು ಸಾಲಿನ ಮನೆಗಳೆಲ್ಲ ಬಿಚ್ಚಿಹೋಗುತ್ತವೆ. ಕ್ರೋಷಾದಲ್ಲಿ ಒಂದೇ ಕುಣಿಕೆ ಇರುವುದು, ಅದಕ್ಕೊಂದು ಪಿನ್ನು ಹಾಕಿ ಎದ್ದುಹೋಗಬಹುದು.

ಕುಲಾವಿಯ ವಿಷಯದಲ್ಲಿ ಮಾತ್ರ ನಾನು ಹಳೆಯದನ್ನು ಇದ್ದ ಹಾಗೇ ಉಳಿಸಿಕೊಳ್ಳಲಿಲ್ಲ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಲಾವಿ, ಬೆನ್ನಮೇಲೆ ಇಳಿಬೀಳುವ ಕುಂಚಿಗಿ ನೋಡಲು ಎಷ್ಟು ಚೆಂದ! ಹಿಂದೆ ಅವಕ್ಕೆ ಮಣಿ, ಕನ್ನಡಿ ಬಿಲ್ಲೆ, ಗೊಂಡೆ ಕಟ್ಟುತ್ತಿದ್ದರು. ಐದಾರು ತಿಂಗಳ ಹೊತ್ತಿಗೆ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಪರೀಕ್ಷೆಯಲ್ಲಿ ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೇ ಚೂರು ಗಂಟಲಿಗೆ ಅಪಾಯ ಎಂದು ಲೆಕ್ಕ. ಹತ್ತು ರೂಪಾಯಿಯ ನಾಣ್ಯದ ಅಗಲ 27 ಮಿಲಿಮೀಟರ್, ಅಂದಮೇಲೆ ಮಣಿ, ಗುಂಡಿ, ಗೆಜ್ಜೆಗಳ ಮಾತೇ ಬೇಡ. ಲಾಡಿ, ದಾರಗಳು ಗೇಣುದ್ದಕ್ಕಿಂತ ಕಡಿಮೆ ಇರಬೇಕು, ಕುತ್ತಿಗೆಗೆ ಸುತ್ತಿಕೊಳ್ಳುವಂತಿರಬಾರದು. ನಾದಿನಿ ತಂದ ಕುಲಾವಿಯ ಮಣಿಗಳನ್ನು ಅವಳ ಒಪ್ಪಿಗೆ ಪಡೆದೇ ಬಿಚ್ಚಿ, ಅದೇ ಜಾಗದಲ್ಲಿ ದಾರದ ಚುಕ್ಕೆ ಹೊಲಿದೆವು. ಚಿಂದಿ ಗೊಂಬೆಗೂ ಹಾಗೆಯೇ. ಕಣ್ಣಿಗೆ ಗುಂಡಿ ಬೇಡ, ಕಪ್ಪು ದಾರದಲ್ಲಿ ಬಿಡಿಸಿದ ಕಣ್ಣು ಸಾಕು.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟವೂ ಬೇಡ. ಗಿಲಕಿಯನ್ನು ನಾನು ಚನ್ನಪಟ್ಟಣದಿಂದ ತಂದೆ. ಆಲೆಮರದ ತುಂಡನ್ನು ತಿರುಗಣೆಗೆ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೊನೆಗೆ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಆ ಹೊಳಪಿನ ಮೇಲೆ ಬೇರೆ ಬಣ್ಣ ಬಳಿಯುವ ಅಗತ್ಯವಿಲ್ಲ. ಕೊಳ್ಳುವಾಗ ಕೇಳಬೇಕಾದ್ದು ಇಷ್ಟೇ: ಇದು ಅರಗಿನ ಬಣ್ಣವೋ, ಡಬ್ಬಿಯ ಪೇಂಟೋ? ಕೂಸು ಅದನ್ನು ಚೀಪುತ್ತದೆ. ಪೇಂಟಿನಲ್ಲಿ ಸೀಸ ಇದ್ದರೆ ಅದು ಬೆಳೆಯುವ ಮಿದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ಸಿಕ್ಕಿದೆ, ಚನ್ನಪಟ್ಟಣಕ್ಕೂ ಆ ಗುರುತಿದೆ. ಹಾಗಾಗಿ ನಂಬಿಕೆಯ ಕುಶಲಕರ್ಮಿಯ ಬಳಿ ನಿಂತು ಕೇಳಿ ತರುವುದೇ ದಾರಿ. ನಾಮಕರಣಕ್ಕೆ ಬಂದವರಿಗೆ ಕೊಡುವ ಸಂಚಿಗಳನ್ನೂ ಹೊರಗೇ ಹೊಲಿಸಿದೆವು. ನೂರು ಸಂಚಿ ಹೊಲಿಯುವುದು ಬಾಣಂತಿಯ ಕೆಲಸವಲ್ಲ, ಖಣ ನೇಯುವವರಿಗೂ ಹೊಲಿಯುವವರಿಗೂ ಅದರಿಂದ ನಾಲ್ಕು ಕಾಸು ಸಿಗುತ್ತದೆ.

ಹಬ್ಬಗಳ ವಿಷಯಕ್ಕೆ ಬಂದರೆ, ಕೂಸಿನ ಮೊದಲ ಸಂಕ್ರಾಂತಿಯಷ್ಟು ಕೈಕೆಲಸ ಬೇಡುವ ಹಬ್ಬ ಇನ್ನೊಂದಿಲ್ಲ. ನಮ್ಮನೆಯವರು ಮೈಸೂರಿನವರು. ಅವರ ಕಡೆಗೆ ಎಳ್ಳು ಬೀರುವ ಸಡಗರ, ನಮ್ಮ ಕಡೆಗೆ ಕುಸರೆಳ್ಳು. ಎರಡೂ ಒಂದೇ ಮನೆಗೆ ಬಂದವು.

ಎಳ್ಳು ಬೆಲ್ಲದ ಕೆಲಸ ಹದಿನೈದು ದಿನ ಮುಂಚೆ ಶುರುವಾಗುತ್ತದೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ ಬಿಸಿಲಿಗಿಡಬೇಕು. ಅಚ್ಚುಬೆಲ್ಲವನ್ನು ಅದೇ ಅಳತೆಗೆ ಕತ್ತರಿಸಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು ಹೋಳು ಮಾಡಬೇಕು. ಹುರಿಗಡಲೆ ಆರಿಸಬೇಕು, ಎಳ್ಳು ಬೆಚ್ಚಗೆ ಮಾಡಬೇಕು. ಇವೆಲ್ಲ ಬಿಟ್ಟು ಏಳಬಹುದಾದ ಕೆಲಸಗಳು, ಯಾರು ಬೇಕಾದರೂ ಕೈ ಹಾಕಬಹುದಾದ ಕೆಲಸಗಳು. ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರೊಬ್ಬರು ಪೇಪರ್ ಓದುತ್ತ ಕೂರುವ ಹೊತ್ತಿನಲ್ಲಿ ನಮ್ಮ ಕೊಬ್ಬರಿಯನ್ನೆಲ್ಲ ಹೆಚ್ಚಿಕೊಟ್ಟರು. ಅವರ ಮನೆಯವರು ಕಡಲೆಬೀಜ ಕೇರಿದರು. ಅತ್ತೆ ಮೈಸೂರಿನಿಂದ ಬಂದು ಅಳತೆ ನೋಡಿ ಬೆರೆಸಿದರು.

ಸಕ್ಕರೆ ಅಚ್ಚು ಮಾತ್ರ ತಂದೆಮಗನ ಪಾಲಿಗೆ, ಅಂದರೆ ಮಾವ ಮತ್ತು ನಮ್ಮನೆಯವರಿಗೆ ಬಿತ್ತು. ಮರದ ಅಚ್ಚುಗಳನ್ನು ರಾತ್ರಿಯೇ ನೀರಿನಲ್ಲಿ ನೆನೆಹಾಕಿದ್ದರು. ಸಕ್ಕರೆಯನ್ನು ನೀರಿನಲ್ಲಿ ಕಾಯಿಸಿ, ಸ್ವಲ್ಪ ಹಾಲು ಹಾಕಿದರೆ ಕೊಳೆಯೆಲ್ಲ ಮೇಲೆ ತೇಲುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಒಲೆಗಿಟ್ಟು ತಿರುವುತ್ತ ಇರಬೇಕು. ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಕಟ್ಟತೊಡಗಿದ ಆ ಗಳಿಗೆಯಲ್ಲೇ ಅಚ್ಚಿಗೆ ಹೊಯ್ಯಬೇಕು. ಮೊದಲಾದರೆ ಕಟ್ಟುವುದಿಲ್ಲ, ತಡವಾದರೆ ಒಳಗೆ ಇಳಿಯುವುದಿಲ್ಲ. ಈ ಕೆಲಸ ನಡೆಯುವಾಗ ಅಡುಗೆಮನೆಯ ಬಾಗಿಲು ಹಾಕಿ, ಕೂಸು ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬರ ಕೈಯಲ್ಲಿರಬೇಕು. ಸಕ್ಕರೆಯ ಪಾಕ ಕುದಿನೀರಿಗಿಂತ ಬಿಸಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಅಪ್ಪ ಮಗ ಇಬ್ಬರೂ ಒಬ್ಬರಿಗೊಬ್ಬರು ಹೆಚ್ಚು ಮಾತಾಡದೆ ಮಧ್ಯಾಹ್ನವೆಲ್ಲ ಆನೆ, ಗಿಳಿ, ಬೃಂದಾವನಗಳನ್ನು ಬಿಡಿಸಿ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದರು. ಮಾವನಿಗೆ ಈ ಕೆಲಸ ಬರುತ್ತದೆಂದು ಅತ್ತೆಗೂ ಗೊತ್ತಿರಲಿಲ್ಲ. ಅವರ ತಾಯಿ ಅಚ್ಚು ಹೊಯ್ಯುವಾಗ ಚಿಕ್ಕವರಿದ್ದ ಅವರು ಪಕ್ಕದಲ್ಲಿ ಕೂತು ನೋಡಿ ಕಲಿತದ್ದಂತೆ.

ಕುಸರೆಳ್ಳಿಗೆ ಬೇರೆಯೇ ಬಗೆಯ ಸಹನೆ ಬೇಕು. ಅಗಲ ಬಾಣಲೆಯಲ್ಲಿ ಎಳ್ಳು ಹಾಕಿ, ಸಣ್ಣ ಉರಿಯ ಮೇಲೆ, ತೆಳು ಪಾಕವನ್ನು ಚಮಚದಲ್ಲಿ ಹನಿ ಹನಿಯಾಗಿ ಬಿಡುತ್ತ ಬೆರಳಿನಿಂದ ಆಡಿಸುತ್ತಿರಬೇಕು. ಒಂದು ಲೇಪ ಒಣಗಿದ ಮೇಲೆ ಇನ್ನೊಂದು. ಗಂಟೆಗಟ್ಟಲೆ ಹೀಗೆ ನಡೆದ ಮೇಲೆ ಪ್ರತಿ ಕಾಳಿಗೂ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಆ ಕುಸರೆಳ್ಳನ್ನು ದಾರಕ್ಕೆ ಕಟ್ಟಿ ಕೂಸಿಗೆ ಕಿರೀಟ, ಹಾರ, ಕೈಕಡಗ ಮಾಡುವ ಪದ್ಧತಿ ಉತ್ತರ ಕರ್ನಾಟಕದ, ಮಹಾರಾಷ್ಟ್ರದ ಮನೆಗಳಲ್ಲಿದೆ. ಇದನ್ನು ನಾನು ಮಾಡಲಿಲ್ಲ, ಮಾಡುವ ಆಸೆಯನ್ನೂ ಇಟ್ಟುಕೊಳ್ಳಲಿಲ್ಲ. ಧಾರವಾಡದಲ್ಲಿರುವ ಅವ್ವನ ಸೋದರಿ, ನಮ್ಮ ಮಾಂಶಿ, ಮಾಡಿ ಕಳಿಸಿದಳು. ಮೊಮ್ಮಕ್ಕಳಿಲ್ಲದ ಅವಳಿಗೆ ಆ ವರ್ಷ ಅದೇ ಹಬ್ಬವಾಯಿತು ಎಂದು ಅವ್ವ ಹೇಳಿದಳು.

ಹಬ್ಬದ ಮಾರನೆ ದಿನ ಕರಿ. ಆವತ್ತು ಕೂಸನ್ನು ಮಣೆಯ ಮೇಲೆ ಕೂರಿಸಿ, ಬಾರಿಹಣ್ಣು, ಅಂದರೆ ಮೈಸೂರು ಕಡೆಯ ಎಲಚಿಹಣ್ಣು, ಕಬ್ಬಿನ ತುಂಡು, ಚುರುಮುರಿ, ಚಿಲ್ಲರೆ ನಾಣ್ಯಗಳನ್ನು ಬೆರೆಸಿ ತಲೆಯ ಮೇಲಿಂದ ಎರೆಯುತ್ತಾರೆ. ಸುತ್ತ ಕೂತ ಮಕ್ಕಳು ಅದನ್ನು ಆರಿಸಿಕೊಳ್ಳಲು ಮುಗಿಬೀಳುತ್ತವೆ. ನೋಡಲು ಇದಕ್ಕಿಂತ ಸಂತೋಷದ ಶಾಸ್ತ್ರ ಇಲ್ಲ. ಕೂಸಿನ ದೃಷ್ಟಿಯಿಂದ ಮಾತ್ರ ಅದರಲ್ಲಿ ಹೆಚ್ಚಿನವು ಗಂಟಲಲ್ಲಿ ಸಿಕ್ಕುವಂಥವು. ಬಾರಿಹಣ್ಣಿನ ಬೀಜ, ನಾಣ್ಯ, ಕಡಲೆಬೀಜ, ಕೊಬ್ಬರಿಯ ಚೂರು ಯಾವುದೂ ಅದರ ಕೈಗೆ ಸಿಗುವಂತಿಲ್ಲ. ನಾವು ಎರೆದದ್ದು ಬರೇ ಚುರುಮುರಿ ಮತ್ತು ಹೂವಿನ ಎಸಳು. ಬಾರಿಹಣ್ಣು, ನಾಣ್ಯಗಳನ್ನು ದೊಡ್ಡ ಮಕ್ಕಳ ಕೈಗೇ ನೇರ ಕೊಟ್ಟೆವು. ಕೂಸನ್ನು ತೊಡೆಯಿಂದ ಇಳಿಸದೆ, ನೆಲ ಗುಡಿಸಿ ಆದ ಮೇಲೆಯೇ ಬಿಟ್ಟೆವು. ವರ್ಷದೊಳಗಿನ ಮಕ್ಕಳಿಗೆ ಸಕ್ಕರೆಯ ರುಚಿ ಹತ್ತಿಸಬಾರದು, ಜೇನನ್ನಂತೂ ನೆಕ್ಕಿಸಲೇಬಾರದು ಎಂಬುದು ವೈದ್ಯರ ಮಾತು. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಹುಟ್ಟಿಸುತ್ತವೆ. ಹಾಗಾಗಿ ಅಷ್ಟೆಲ್ಲ ಜನ ಸೇರಿ ಮಾಡಿದ ಎಳ್ಳು, ಅಚ್ಚು, ಕುಸರೆಳ್ಳುಗಳಲ್ಲಿ ಒಂದು ಕಾಳೂ ಕೂಸಿನ ಬಾಯಿಗೆ ಹೋಗಲಿಲ್ಲ. ಅದರ ಹೆಸರಿನಲ್ಲಿ ನಾವು ಮನೆಮನೆಗೆ ಬೀರಿಬಂದೆವು.

ದೀಪಾವಳಿಗೆ ನಮ್ಮಲ್ಲಿ ಆಕಾಶಬುಟ್ಟಿ, ಕರಾವಳಿಯಲ್ಲಿ ಗೂಡುದೀಪ. ಮಂಗಳೂರಿನ ಕುದ್ರೋಳಿ ದೇವಸ್ಥಾನದ ಆವರಣದಲ್ಲಿ ನಡೆಯುವ ಗೂಡುದೀಪದ ಸ್ಪರ್ಧೆಗೆ ಜನ ಧಾನ್ಯದಿಂದ, ಹುಲ್ಲಿನಿಂದ, ಎಲೆಯಿಂದಲೂ ಮಾಡಿ ತರುತ್ತಾರೆ. ಕೂಸಿರುವ ಮನೆಗೆ ಬಿದಿರ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಸಾಕು. ಕಡ್ಡಿ ಸೀಳುವುದು ಒಂದು ದಿನ, ಚೌಕ ಕಟ್ಟುವುದು ಇನ್ನೊಂದು ದಿನ, ಕಾಗದ ಅಂಟಿಸುವುದು ಮತ್ತೊಂದು ದಿನ. ಅಂಟು ಒಣಗುವುದಕ್ಕೂ ಹೊತ್ತು ಬೇಕೇ ಬೇಕು. ಒಳಗೆ ವೈರಿನ ಬಲ್ಬ್ ಹಾಕಿ ಎತ್ತರದಲ್ಲಿ ಕಟ್ಟಿ. ಗುಂಡಿಯಾಕಾರದ ಪುಟ್ಟ ಬ್ಯಾಟರಿಯ ದೀಪಗಳು ಈಗ ಎಲ್ಲೆಡೆ ಸಿಗುತ್ತವೆ, ಅವು ಮನೆಯೊಳಗೆ ಬರಲೇಬಾರದು ಎಂಬುದು ನನ್ನ ಖಡಾಖಂಡಿತ ಮಾತು. ಕೂಸು ಅಂಥ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡತೊಡಗುತ್ತದೆ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಕ್ರಿಸ್‌ಮಸ್ಸಿಗೆ ನಮ್ಮ ಎದುರು ಮನೆಯ ಮಂಗಳೂರು ಕುಟುಂಬದಿಂದ ಕುಸ್ವಾರದ, ಅಂದರೆ ಆ ಹಬ್ಬದ ತಿಂಡಿಗಳ, ತಟ್ಟೆ ಬರುತ್ತದೆ. ನೆವ್ರಿ, ಕಿಡ್ಯೊ, ಗುಳಿಯೊ, ಕೊಕ್ಕಿಸಾಂ. ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೋ ಫೋರ್ಕಿನ ಮೇಲೋ ಒತ್ತಿ ಸುರುಳಿ ಮಾಡುವ ಕಿಡ್ಯೊ ಕೆಲಸಕ್ಕೆ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಎದುರುಮನೆಯ ಸೊಸೆಗೂ ಆ ವರ್ಷ ನನ್ನಂತೆ ಕೈಗೂಸು. ಅವಳು ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಒಂದು ಕೈಯಲ್ಲಿ ಕಿಡ್ಯೊ ಒತ್ತಿದಳಂತೆ. ಎಣ್ಣೆಯ ಬಾಣಲೆಯ ಹತ್ತಿರ ಅವಳನ್ನು ಅವಳತ್ತೆ ಬಿಡಲಿಲ್ಲ.

ನಮ್ಮ ಕೂಸಿಗೆ ವರ್ಷ ತುಂಬಿ ಮೇಲೆ ನಾಲ್ಕಾರು ತಿಂಗಳಾದಾಗ ಅದು ತಾನೇ ಕೈ ಹಾಕಬಹುದಾದ ಮೊದಲ ಹಬ್ಬ ಬಂತು, ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆ ಕಳೆದು ಮುಂಗಾರು ಬಿದ್ದ ಮೇಲೆ, ಜೂನ್ ಜುಲೈ ಹೊತ್ತಿಗೆ, ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಮುಂದೆ ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ನಾಗರಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಆಮೇಲೆ ಜೋಕುಮಾರ. ಮಳೆಗಾಲವೆಲ್ಲ ಮಣ್ಣು ಕಲಸುತ್ತಲೇ ಇರಬಹುದು. ಕುಂಬಾರರು ಜೋಡಿ ಎತ್ತು ಮಾರುತ್ತಾರೆ, ಆದರೂ ಮನೆಯಲ್ಲಿ ಮಾಡುವುದೇ ಮಕ್ಕಳಿಗೆ ಹಬ್ಬ. ಬೆಂಗಳೂರಿನಲ್ಲಿ ಎರೆಮಣ್ಣು ಎಲ್ಲಿಂದ ತರುವುದು? ಪಾಟರಿ ಟೌನಿನ ಕುಂಬಾರರ ಬಳಿ ಹೋದರೆ ಹದ ಮಾಡಿದ ಜೇಡಿಮಣ್ಣು ಸಿಗುತ್ತದೆ. ನಮ್ಮ ಕೂಸು ಅದನ್ನು ಹಿಚುಕಿತು, ಬಡಿಯಿತು, ಬಾಯಿಗೆ ಒಯ್ಯಲು ಹೋಯಿತು, ತಡೆದೆವು. ಕೊನೆಗೆ ಎರಡು ಮುದ್ದೆ ಉಳಿದವು. ಕೂಸಿನ ಅಪ್ಪ ಅವಕ್ಕೆ ಕೋಡು ಹಚ್ಚಿದರು. ಪೂಜೆಗೆ ಇಟ್ಟದ್ದು ಆ ಎತ್ತುಗಳನ್ನೇ. ಅವ್ವ ವಿಡಿಯೊ ಕರೆಯಲ್ಲಿ ನೋಡಿ, “ಎತ್ತು ಛಲೋ ಆಗ್ಯಾವ, ಹೋಳಿಗಿ ಏನ ಮಾಡೀರಿ?” ಎಂದು ಕೇಳಿದಳು.

ಈಗ ತಂಗಿಗೆ ಏಳನೇ ತಿಂಗಳು. ಪರಿಚಯದವರು ಫೋನ್ ಮಾಡಿ, ಕೂಸಿಗೆ ಏನು ಕೊಡಲಿ, ಅಂಗಡಿಯದು ಬೇಡ, ಕೈಯಾರೆ ಏನಾದರೂ ಮಾಡಬೇಕೆಂದಿದೆ ಎಂದು ನನ್ನನ್ನು ಕೇಳುತ್ತಾರೆ. ಹೊಲಿಗೆ ಬರುವವರಿಗೆ ನೂಲಿನ ಚೌಕ ಬಟ್ಟೆಗಳನ್ನು ಅಂಚು ಮಡಚಿ ಹೊಲಿದುಕೊಡಿ ಎನ್ನುತ್ತೇನೆ, ಬಾಯಿ ಒರೆಸಲು ಅವು ಎಷ್ಟಿದ್ದರೂ ಸಾಲವು. ಅಡುಗೆ ಬರುವವರು ಬಾಣಂತಿಗೆ ಅಂಟಿನುಂಡಿ ಕಟ್ಟಿಕೊಡಲಿ. ಏನೂ ಬರುವುದಿಲ್ಲ ಎನ್ನುವವರು ತಮ್ಮ ಮನೆಯ ಹಳೆಯ ನೂಲಿನ ಸೀರೆಯೊಂದನ್ನು ಒಗೆದು ತರಲಿ, ಹೆರಿಗೆಯಾದ ಮೇಲೆ ಎರಡು ತಾಸು ಇದ್ದು ಹೋಗುವಂತೆ ಬರಲಿ. ತಂಗಿ ಒಳಗೆ ಮಲಗುತ್ತಾಳೆ. ಕೂಸು ಮಲಗಿದ್ದರೆ ಕೌದಿಗೆ ನಾಲ್ಕು ಸಾಲು ಹಾಕಿ, ಎದ್ದರೆ ಎತ್ತಿಕೊಳ್ಳಿ. ಸೂಜಿ ದಾರ ಅವಳ ಮನೆಯಲ್ಲೇ ಇವೆ.